ಸುಣ್ಣದ ತಿಳಿ

ಬಾಟಲಿಯ ತಳದಲ್ಲಿ ಸುಣ್ಣ ಕೂತಿತ್ತು. ಮೇಲಿನ ನೀರು, ಅಲ್ಲಿ ನೀರೇ ಇಲ್ಲವೇನೋ ಎಂಬಷ್ಟು ತಿಳಿಯಾಗಿತ್ತು. ವೃಂದಾ ಅದನ್ನು ಕಿಟಕಿಯ ಕಟ್ಟೆಯಿಂದ ಅಲುಗದ ಹಾಗೆ ಎತ್ತಿ ಬೀಕರಿಗೆ ಬಗ್ಗಿಸುವಾಗ ಕೈ ಹಗುರವೆನಿಸಿತು. ಏಕಾದಶಿಯ ಕೈ, ಎಂದುಕೊಂಡಳು. ನಿನ್ನೆ ದಶಮಿಯ ಮಧ್ಯಾಹ್ನ ಉಂಡದ್ದೇ ಕಡೆ. ಇವತ್ತು ತೀರ್ಥ ಬಿಟ್ಟರೆ ನೀರೂ ಇಲ್ಲ. ಪಕ್ಷಕ್ಕೊಮ್ಮೆ ಬರುವ ಈ ಹಗುರವನ್ನು ಅವಳು ಒಳಗೊಳಗೇ ಇಷ್ಟಪಡುತ್ತಿದ್ದಳು. ಅತ್ತೆಗಾಗಿ ಮಾಡುತ್ತೇನೆಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದರೂ, ಆ ಖಾಲಿತನದಲ್ಲಿ ತಲೆ ಗಾಜಿನ ಹಾಗೆ ಸ್ವಚ್ಛವಾಗುತ್ತದೆ ಎಂಬ ಸಣ್ಣ ಹೆಮ್ಮೆ ಅವಳ ಸ್ವಂತದ್ದಾಗಿತ್ತು. ಸುಣ್ಣ ತಂದದ್ದು ಶಹಾಬಾದ ಸ್ಟೇಷನ್ನಿನ ಹೊರಗಿನ ಜೈತುನ್ಬೀಯ ಪಾನಿನ ಅಂಗಡಿಯಿಂದ. “ಯಾನ್ರಿ ಟೀಚರಮ್ಮಾ, ಎಲಿ ಬ್ಯಾಡ, ಅಡಕಿ ಬ್ಯಾಡ, ಬರೇ ಚುನ್ನಾ? ಸಾಲ್ಯಾಗ ಪೋರೀರಿಗೆ ಪಾನ್ ಕಟ್ಟೋದು ಕಲಸ್ಲಿಕತ್ತೀರೇನು?” ಎಂದು ನಕ್ಕು, ಹರಿದ ಎಲೆಯ ಮೇಲೆ ಬೆಣ್ಣೆಯಂತೆ ಗುಡ್ಡೆ ಹಾಕಿ ಕೊಟ್ಟಿದ್ದಳು. ಪ್ರಯೋಗಶಾಲೆ ಎಂದು ಕರೆಯುವ ಈ ಕೋಣೆಯ ಕಪಾಟಿನಲ್ಲಿ ಸೀಸೆಗಳೆಲ್ಲ ಖಾಲಿಯಾಗಿ ಹೆಸರಿನ ಚೀಟಿಗಳಷ್ಟೇ ಉಳಿದಿದ್ದವು. ಒಂದು ಸೂಕ್ಷ್ಮದರ್ಶಕ ಇತ್ತು. ಬಾಗಿದ ಗಾಜಿನ ಕೊಳವೆ ಒಂದೇ ಒಂದು ಒಡೆಯದೆ ಉಳಿದಿತ್ತು. ಅದರಿಂದಲೇ ಅವಳು ಪ್ರತಿ ವರ್ಷ ಸುಣ್ಣದ ತಿಳಿಗೆ ಊದಿ, ನೀರು ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸಿ, ಆಮೇಲೆ ಕೊಳವೆಯನ್ನು ಹುಡುಗಿಯರ ಕೈಗೆ ಕೊಡುತ್ತಿದ್ದಳು. ಮೊದಲು ತಾನು, ಆಮೇಲೆ ಅವರು. ಕಲಿಸುವವರು ಮೊದಲು ಮಾಡಿ ತೋರಿಸಬೇಕಲ್ಲ.

ನಾಳೆ ಚಿತ್ತಾಪುರದಲ್ಲಿ ತಾಲೂಕಿನ ವಿಜ್ಞಾನ ಪ್ರದರ್ಶನ. ಕರುಣಾ ಹೋಗಬೇಕು, ವಾಡಿಯಲ್ಲಿ ಗಾಡಿ ಬದಲಿಸಿ, ವೃಂದಾಳ ಜೊತೆ. ಒಂಬತ್ತನೆಯ ತರಗತಿಯ ಈ ಹುಡುಗಿ, ಸುಣ್ಣದ ಭಟ್ಟಿಯಲ್ಲಿ ಕೂಲಿ ಮಾಡುವ ಅನಸುಬಾಯಿಯ ಮಗಳು, ಒಂದು ದಿನ ಪಾಠದ ನಡುವೆ ಎದ್ದು ನಿಂತು, “ಟೀಚರ್, ಕಲ್ಲ ಸುಟ್ರ ಸುಣ್ಣ ಆಗ್ತದ, ಸುಣ್ಣಕ್ಕ ಉಸಿರ ಹತ್ತಿದ್ರ ಮತ್ತ ಕಲ್ಲ ಆಗ್ತದ. ಹಂಗಾದ್ರ ನಮ್ಮವ್ವ ಸುಡೋದು ನಾವು ಊದಿ ತಿರುಗಿ ಮಾಡಬಹುದಲ್ರಿ?” ಎಂದಾಗ ತರಗತಿ ನಕ್ಕಿತ್ತು. ವೃಂದಾಳಿಗೆ ಮಾತ್ರ ಮೈ ಜುಮ್ಮೆಂದಿತ್ತು. ತಾನು ಸೇಡಮಿನಲ್ಲಿ ಓದುವಾಗ ಈ ಸಮೀಕರಣವನ್ನು ಎಷ್ಟು ಸಲ ಬರೆದಿದ್ದಳೋ, ಕಾಲ ಕೆಳಗೆ ಹಾಸಿದ ಫರಸಿ ಕಲ್ಲೇ ಅದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವತ್ತು ಮನೆಯಿದ್ದ ವಾಡಿಗೆ ಹೋಗುವ ರೈಲುಗಾಡಿಯಲ್ಲಿ ಕಿಟಕಿಯಾಚೆ ಖಣಿಗಳ ಕಲ್ಲಿನ ಒಟ್ಟಲುಗಳು ಹಿಂದೆ ಸರಿಯುವಾಗ, ತನಗೆ ಈ ಒಬ್ಬ ಹುಡುಗಿ ಸಾಕು ಎನಿಸಿತ್ತು. ಎಲ್ಲ ವರ್ಷಗಳಿಗೂ ಸೇರಿ ಒಬ್ಬಳು. ಮನೆ ತಲುಪಿದಾಗ ಅತ್ತೆ ಲಕ್ಷ್ಮೀಬಾಯಿ ಎಂದಿನಂತೆ ಒಳಗಿನಿಂದಲೇ, “ಬಚ್ಚಲಾಗ ನೀರಿಟ್ಟೀನಿ, ಹಂಗೇ ಒಳಗ ಬರಬ್ಯಾಡವಾ,” ಎಂದರು. ಅವಳು ಎಂದಿನಂತೆ ಅಡಿಗೆಮನೆಗೆ ಬೆನ್ನು ಹಾಕಿ ಬಚ್ಚಲಿಗೆ ನಡೆದಳು. ಸಾಲೆಯನ್ನು ದಿನಾ ಸಂಜೆ ಮೈಯಿಂದ ತೊಳೆದುಕೊಳ್ಳುವುದು. ಮದುವೆಯ ಮೊದಲ ವರ್ಷ ಅತ್ತದ್ದೂ ಉಂಟು. ಆಮೇಲೆ ಅವಳೊಂದು ಒಪ್ಪಂದಕ್ಕೆ ಬಂದಿದ್ದಳು: ಮೈ ಮನೆಯದು, ತಲೆ ತನ್ನದು. ಗಂಡ ಪ್ರಾಣೇಶನಿಗೆ ಇದನ್ನು ಹೇಳಿದಾಗ ಅವನು ಪೇಪರಿನಿಂದ ಕಣ್ಣೆತ್ತದೆ, “ಒಂದ ತಂಬಿಗಿ ನೀರಿಗೆ ಎಷ್ಟ ತತ್ವಜ್ಞಾನ ಮಾರಾಯಳೆ,” ಎಂದಿದ್ದ.

“ಇದು ನಮ್ಮೂರ ಫರಸಿ ಕಲ್ಲರಿ,” ಎಂದು ಕರುಣಾ ಮೇಜಿನ ಹಿಂದೆ ನಿಂತು ಶುರು ಮಾಡಿದಳು. ಪ್ರದರ್ಶನದ ಹಿಂದಿನ ದಿನದ ತಾಲೀಮು. ಉಳಿದ ಹುಡುಗಿಯರು ಪರೀಕ್ಷಕರಂತೆ ಎದುರಿಗೆ ಕೈಕಟ್ಟಿ ನಿಂತಿದ್ದರು. “ಭಟ್ಟ್ಯಾಗ ಸುಟ್ರ ಇದರಾಗಿನ ಇಂಗಾಲದ ಡೈಆಕ್ಸೈಡ್ ಹಾರಿ ಹೋಗ್ತದ, ಸುಣ್ಣ ಉಳೀತದ. ಅದಕ್ಕ ನೀರ ಹಾಕಿ ತಿಳಿ ತಗೊಂಡೀವಿ. ಈಗ ನಾ ಊದ್ತೀನಿ ನೋಡ್ರಿ.” ತಿಳಿ ತುಂಬಿದ ಗಾಜಿನ ಪ್ರನಾಳದಲ್ಲಿ ಗುಳ್ಳೆಗಳು ಎದ್ದವು. ನೀರು ಮೊದಲು ಮಬ್ಬಾಗಿ, ಆಮೇಲೆ ಬೆಳ್ಳಗಾಯಿತು. ಕರುಣಾ ಬಾಯಿ ಒರೆಸಿಕೊಂಡು, “ಇದು ಹಾಲಲ್ರಿ. ಕಲ್ಲು. ಭಟ್ಟ್ಯಾಗಿಂದ ಹಾರಿ ಹೋದದ್ದು ನನ್ನ ಉಸಿರಿನ್ಯಾಗೂ ಅದ. ನಾ ಕಲ್ಲ ಮಾಡೀನಿ,” ಎಂದಳು.

“ಬಾಯಾಗಿಂದ ಕಲ್ಲ ಉಗಳ್ತಾಳ ನೋಡ್ರೇ ಇಕಿ!” ಎಂದಳು ಅವಳ ಗೆಳತಿ ರಿಹಾನಾ. ಕೊಳವೆ ಕಿತ್ತುಕೊಂಡು ಇನ್ನೊಂದು ಪ್ರನಾಳಕ್ಕೆ ತಾನೂ ಊದಿದಳು. ಮತ್ತೆ ಕರುಣಾ, ಮತ್ತೆ ಬೇರೊಬ್ಬಳು. ಕೊಳವೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುತ್ತಿತ್ತು. ವೃಂದಾ ಕಿಟಕಿಗೆ ಒರಗಿ ಕೇಳಿದಳು, “ಆ ಗಾಳಿ ಉಸಿರಿನ್ಯಾಗ ಎಲ್ಲಿಂದ ಬಂತು? ಪರೀಕ್ಷಕರು ಕೇಳ್ತಾರ.”

“ಜೀವಕೋಶದಾಗಿಂದ್ರಿ. ಉಂಡ ಅನ್ನ ಕೋಶದಾಗ ಉರೀತದ. ಒಲಿ ಇಲ್ಲ, ಹೊಗಿ ಇಲ್ಲ, ಸಾವಕಾಶ ಉರೀತದ. ಮೈಟೋಕಾಂಡ್ರಿಯದಾಗ. ಆವಾಗ ಹುಟ್ಟಿದ್ದು ನೆತ್ತರದಾಗ ಕೂಡಿ, ಶ್ವಾಸಕೋಶಕ್ಕ ಬಂದು, ಹೊರಗ ಬೀಳ್ತದ.” ಕರುಣಾ ಅಷ್ಟಕ್ಕೆ ನಿಲ್ಲದೆ ಹುಬ್ಬು ಗಂಟು ಹಾಕಿದಳು. ಅವಳು ಹಾಗೆ ಹುಬ್ಬು ಗಂಟು ಹಾಕಿದಾಗ ವೃಂದಾ ಕಾಯುತ್ತಿದ್ದಳು. “ಟೀಚರ್, ಉಂಡೇ ಇಲ್ಲ ಅಂದ್ರ? ಉಪವಾಸ ಇದ್ದವರು ಊದಿದ್ರ ಬೆಳ್ಳಗ ಆಗ್ತದೋ ಇಲ್ಲೋ?”

“ನಮ್ಮ ರೋಜಾದಾಗ ಕೇಳಬೇಕಿತ್ತಲೇ, ನಾ ಊದಿ ತೋರಸ್ತಿದ್ದೆ,” ಎಂದಳು ರಿಹಾನಾ. ಕರುಣಾಳ ಕಣ್ಣು ಅಷ್ಟರಲ್ಲಿ ವೃಂದಾಳ ಮೇಲಿತ್ತು. “ಟೀಚರ್ ಇವತ್ತ ಉಪವಾಸ ಇರ್ತಾರ! ಟೀಚರ್, ನೀವ ಊದ್ರಿ!”

ಅವಳು ಕೊಳವೆಯನ್ನು ಚಾಚಿದಳು. ಅದರ ತುದಿ ಒದ್ದೆಯಾಗಿ ಬೆಳಕಿನಲ್ಲಿ ಹೊಳೆಯುತ್ತಿತ್ತು. ಎಂಥ ಪ್ರಶ್ನೆ ಕೇಳಿದಳು ಎಂಬ ಸಂತೋಷ ವೃಂದಾಳ ಎದೆಯಲ್ಲಿ ಇನ್ನೂ ಏಳುತ್ತಿತ್ತು. ಅದೇ ಸಂತೋಷದಲ್ಲಿ ಅವಳು ಕೊಳವೆ ತೆಗೆದುಕೊಂಡಳು, ನಗುತ್ತಲೇ ತಿರುಗಿದಳು, ಮೂಲೆಯ ನಲ್ಲಿಯ ಕಡೆ ನಡೆದಳು. ನಡೆಯಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಕಾಲು ನಡೆದವು. ನೀರು ಕೊಳವೆಯ ಒಳಗೆ ಹರಿಯಿತು, ಹೊರಗೆ ಹರಿಯಿತು, ಹೆಬ್ಬೆರಳು ತುದಿಯನ್ನು ಉಜ್ಜಿತು, ಮತ್ತೆ ನೀರು, ಮತ್ತೆ ಹೆಬ್ಬೆರಳು. ಮನೆಯಲ್ಲಿ ದೇವರ ಪಂಚಪಾತ್ರೆಯನ್ನು ತೊಳೆಯುವುದು ಹೀಗೆಯೇ ಎಂದು ಅವಳಿಗೆ ಗೊತ್ತಾಗುವ ಹೊತ್ತಿಗೆ ತೊಳೆದು ಮುಗಿದಿತ್ತು.

“ಟೀಚರ್ ತಮಗಷ್ಟ ತೊಳಕೊಂಡ್ರು ನೋಡ್ರೇ. ನಾ ಇಷ್ಟೊತ್ತನಕ ಈ ಕರುಣಿ ಜೊಲ್ಲೇ ಕುಡೀಲಿಕತ್ತೀನಿ!” ಎಂದಳು ರಿಹಾನಾ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಕರುಣಾಳೂ ನಕ್ಕಳು. ಆಗ ಸುಮ್ಮನಿದ್ದರೂ ಆಗುತ್ತಿತ್ತು. ರೋಗಾಣು ಎಂದಿದ್ದರೂ ಆಗುತ್ತಿತ್ತು, ಹೋದ ತಿಂಗಳು ಅದೇ ಪಾಠ. ವೃಂದಾ ಹೇಳಿದ್ದು ಬೇರೆ.

“ಇವತ್ತ ಏಕಾದಶಿ ಅದಲ್ಲ,” ಎಂದಳು.

ಕರುಣಾಳ ನಗು ತಟ್ಟನೆ ನಿಲ್ಲಲಿಲ್ಲ. ತುಸು ಹೊತ್ತು ಮುಖದ ಮೇಲೆ ಹಾಗೇ ಇದ್ದು, ಒಳಗಿನಿಂದ ಯಾರೋ ದೀಪ ಒಯ್ದಂತೆ ಆರಿತು. ವೃಂದಾ ಊದಿದಳು. ನೀರು ಬೆಳ್ಳಗಾಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಹೊರಗಿನಿಂದ ಏನೂ ಸಿಗದಿದ್ದಾಗ ಕೋಶ ತಾನು ಕೂಡಿಟ್ಟದ್ದನ್ನೇ ಸುಡುತ್ತದೆ, ಬದುಕಿರುವಷ್ಟು ಹೊತ್ತೂ ಸುಡುತ್ತಲೇ ಇರುತ್ತದೆ ಎಂದು ಅವಳು ವಿವರಿಸುತ್ತಿದ್ದಾಗ ಕರುಣಾ ಕಲ್ಲಿನ ಚೂರುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. “ಆಗ್ತದ್ರಿ,” ಎಂದಳು ಮೆಲ್ಲಗೆ, ಪ್ರಯೋಗದ ಫಲಿತಾಂಶ ಹೇಳುವವಳ ಹಾಗೆ. “ಉಪವಾಸ ಇದ್ರೂ ಆಗ್ತದ.”

ಮಧ್ಯಾಹ್ನದ ಬಿಡುವಿನಲ್ಲಿ ಉಳಿದವರು ಡಬ್ಬಿ ಬಿಚ್ಚುವಾಗ ವೃಂದಾ ವರಾಂಡದ ಕೊನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಬೇವಿನ ಎಲೆಗಳ ಮೇಲೆ ಬೂದು ಧೂಳು ಕೂತಿತ್ತು. ಯಾರೂ ಏನೂ ಅಂದಿಲ್ಲ, ಅಂದುಕೊಂಡಳು. ಕೊಳವೆ ತೊಳೆಯುವುದು ಆರೋಗ್ಯಕರ. ತೊಳೆಯದೆ ಅವರಿಗೆ ಕೊಟ್ಟದ್ದೇ ತಪ್ಪು. ಆ ಮಾತು ಅಲ್ಲೇ ನಿಂತಿತು. ಅವರ ಪಾಲಿಗೆ ಒಬ್ಬರ ಎಂಜಲು ಒಬ್ಬರಿಗೆ ಆಗುತ್ತದೆ ಎಂದು ಯಾರು ನಿರ್ಧರಿಸಿದ್ದರು? ಎಷ್ಟು ವರ್ಷ ತಾನೇ ಮೊದಲು ಊದಿದ್ದಳು, ಎಷ್ಟು ಸಹಜವಾಗಿ! ನೆನಪಿನಲ್ಲಿ, ತವರಿನ ಹಿತ್ತಲ ಕೋಣೆಯ ಹೊಸ್ತಿಲಿನ ಹೊರಗೆ ಅವಳು ಬೊಗಸೆ ಒಡ್ಡಿ ಕೂತಿದ್ದಾಳೆ, ಅಜ್ಜಿ ಅಂಬುಬಾಯಿ ತಂಬಿಗೆಯಿಂದ ನೀರು ಬಿಡುತ್ತಿದ್ದಾರೆ, ಮೇಲಿನಿಂದ, ಎಷ್ಟು ಮೇಲಿನಿಂದ ಎಂದರೆ ನೀರಿನ ಧಾರೆ ನಡುವೆ ತಿರುಚಿಕೊಂಡು ಸಣ್ಣಗಾಗುತ್ತದೆ. ತಿಂಗಳ ಆ ಮೂರು ದಿನ. ಒಂದು ಹನಿ ಸಿಡಿದು ಅಜ್ಜಿಯ ಮಡಿಸೀರೆಗೆ ತಾಗಿದರೆ ಅವರು ಮತ್ತೆ ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು. ಅದಕ್ಕೇ ಹದಿಮೂರರ ಹುಡುಗಿ ಬೊಗಸೆಯನ್ನು ಹೇಗೆ ಹಿಡಿದರೆ ನೀರು ಸಿಡಿಯುವುದಿಲ್ಲ ಎಂದು ಕಲಿತಿದ್ದಾಳೆ. “ಒಂದ ಹನಿ ಸಿಡಸಂಗಿಲ್ಲ ನಮ್ಮ ವೃಂದಾ,” ಎಂದು ಅಜ್ಜಿ ಬಂದವರ ಮುಂದೆ ಹೇಳುತ್ತಾರೆ, ಹುಡುಗಿ ಹಿಗ್ಗುತ್ತಾಳೆ. ಆವಾಗ ಅವಮಾನ ಎನಿಸಿದ್ದರೆ ಎಷ್ಟು ಚೆನ್ನಾಗಿತ್ತು. ಎನಿಸಿರಲಿಲ್ಲ. ಶಹಭಾಸ್ ಎನಿಸಿಕೊಂಡ ಆ ಹಿಗ್ಗೇ ಈಗ ಚುಚ್ಚಿತು.

ಬಿಡುವಿನ ನಂತರ ಜೀವಕೋಶದ ಪಾಠ. ಉಳ್ಳಾಗಡ್ಡಿಯ ಪೊರೆ ನೋಡುವ ದಿನ. ವೃಂದಾಳ ಮನೆಗೆ ಉಳ್ಳಾಗಡ್ಡಿ ಬರುವುದಿಲ್ಲ. ಹಾಗಾಗಿ ಪ್ರತಿ ಸಲ ಹುಡುಗಿಯರೇ ತರುತ್ತಿದ್ದರು, ಈ ವರ್ಷ ಕರುಣಾ. “ತಗೋರಿ ಟೀಚರ್, ನಿಮ್ಮ ಮನಿ ಹೊಸ್ತಲಾ ದಾಟಲಾರದ್ದು,” ಎಂದು ಕೀಟಲೆ ಮಾಡಿ ಅಂಗೈಯೊಳಗೆ ಒತ್ತಿ ಇಡುತ್ತಿದ್ದಳು. ಒಮ್ಮೆ ಬೆರಳಿನಲ್ಲಿ ಉಳಿದ ವಾಸನೆಗೆ ಅತ್ತೆ ಮೂಗು ಮುಚ್ಚಿಕೊಂಡದ್ದನ್ನು ವೃಂದಾ ತರಗತಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು. ಇವತ್ತು ಅವಳು ಕೈ ಚಾಚಿದಳು. ಕರುಣಾ ಉಳ್ಳಾಗಡ್ಡಿಯನ್ನು ಕಾಗದದ ಚೂರಿನ ಮೇಲೆ, ಮೇಜಿನ ಅಂಚಿಗೆ ಇಟ್ಟು ಹಿಂದೆ ಸರಿದಳು. ಸಿಟ್ಟಿರಲಿಲ್ಲ ಅದರಲ್ಲಿ. ಒಂದು ಹನಿ ಸಿಡಿಯದ ಹಾಗೆ ಇಟ್ಟಿದ್ದಳು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ವೃಂದಾ ಅದರಿಂದ ಸೀಮೆಸುಣ್ಣ ಎತ್ತಿಕೊಂಡಳು.

ಬಣ್ಣದ ಸೀಸೆ ಖಾಲಿಯಾಗಿದ್ದರಿಂದ ಕೆಂಪು ಶಾಯಿ ತಾಗಿಸಿದ ಪೊರೆಯನ್ನು ಹುಡುಗಿಯರು ಸಾಲಾಗಿ ಬಂದು, ಒಂದು ಕಣ್ಣು ಮುಚ್ಚಿಕೊಂಡು ನೋಡಿದರು. “ಫರಸಿ ಹಾಸಿದಂಗ ಅದರಿ! ಒಂದಕ್ಕೊಂದು ಸಂದಿಲ್ಲ,” ಎಂದಳು ರಿಹಾನಾ. “ಆ ಚುಕ್ಕಿ ಯಾನ್ರಿ, ಕುಂಕುಮ ಇಟ್ಟಂಗ?”

“ಕೋಶಕೇಂದ್ರ,” ಎಂದಳು ವೃಂದಾ. ಸಸ್ಯದ ಕೋಶಕ್ಕೆ ಗೋಡೆ ಇರುತ್ತದೆ, ನಮ್ಮ ಕೋಶಕ್ಕೆ ಗೋಡೆ ಇಲ್ಲ, ಬರಿಯ ಪೊರೆ. ಇದನ್ನು ಹೇಳುತ್ತಾ ಅವಳು ಕರುಣಾಳ ಬೆಂಚಿನ ಕಡೆ ನೋಡಿದಳು, ಎಂದಿನಂತೆ ಕೈ ಏಳುತ್ತದೆಂದು. ಕೈ ಏಳಲಿಲ್ಲ. “ಕರುಣಾ, ಪೊರೆ ಏನು ಕೆಲಸ ಮಾಡ್ತದ?”

ಕರುಣಾ ಎದ್ದಳು. ಕಣ್ಣು ಕರಿಹಲಗೆಯ ಮೇಲಿತ್ತು. “ಒಳಗ ಯಾವದು ಬರಬೇಕು, ಯಾವದು ಹೊರಗೇ ಇರಬೇಕು, ಆರಸ್ತದ್ರಿ.” ಸರಿಯಾದ ಉತ್ತರ. ಪುಸ್ತಕದಲ್ಲಿ ಇದ್ದದ್ದೇ. ಅವಳು ಕೂತಳು.

ಗಂಟೆ ಬಾರಿಸಿ ಹುಡುಗಿಯರು ಹೊರಗೆ ಹೋಗುವಾಗ ಕರುಣಾ ಮೇಜಿನ ಹತ್ತಿರ ನಿಂತಳು. “ಟೀಚರ್, ನಾಳೆ ನಾ ಬರಂಗಿಲ್ರಿ. ನಮ್ಮವ್ವಗ ಜ್ವರ ಬಂದಾವ. ರಿಹಾನಾಗ ಎಲ್ಲಾ ಬಾಯಿಪಾಠ ಅದ, ಆಕಿನ್ನ ಕರಕೊಂಡು ಹೋಗ್ರಿ.”

ಬೆಳಿಗ್ಗೆ ಗಾಡಿ ಇಳಿದು ಬರುವಾಗ ವೃಂದಾ ಅನಸುಬಾಯಿಯನ್ನು ನೋಡಿದ್ದಳು. ತಲೆಗೆ ಬಟ್ಟೆ ಸುತ್ತಿ, ಬುಟ್ಟಿ ಹೊತ್ತು, ಹುಬ್ಬಿನ ತನಕ ಬೆಳ್ಳಗಾಗಿ ಭಟ್ಟಿಯ ಕಡೆ ಹೊರಟವಳು ನಿಂತು, “ನಾಳಿ ನಮ್ಮ ಹುಡುಗೀನ್ನ ಚಿತ್ತಾಪುರಕ್ಕ ಒಯ್ಯಾಕತ್ತೀರಂತಲ್ರಿ. ಹೊಸ ರಿಬ್ಬನ್ ಬೇಕಂತ ಜೀವಾ ತಿಂದಾಳ,” ಎಂದು ನಕ್ಕಿದ್ದಳು. “ಜ್ವರ ಭಾಳ ಅವೇನು?” ಎಂದು ವೃಂದಾ ಕೇಳಿದಳು. “ಹ್ಞೂಂ ರಿ.” “ಔಷಧ ತಗೊಂಡ್ರೇನು?” “ತಗೊಂಡಾಳ್ರಿ.” ಇಬ್ಬರೂ ಆ ಸುಳ್ಳನ್ನು ಎರಡೂ ಕಡೆಯಿಂದ ಹಿಡಿದು, ಬೀಳದ ಹಾಗೆ ಮೆಲ್ಲಗೆ ನೆಲಕ್ಕಿಟ್ಟರು. ಕರುಣಾ ಹೋದ ಮೇಲೂ ವೃಂದಾ ಅಲ್ಲೇ ನಿಂತಿದ್ದಳು. ಒಬ್ಬಳು ಸಾಕು ಎಂದಿದ್ದೆನಲ್ಲ. ಆ ಒಬ್ಬಳು ನಾಳೆ ಮನೆಯಲ್ಲಿ ಕೂತರೆ ನಾಡಿದ್ದು ಎದ್ದು ನಿಂತು ಪ್ರಶ್ನೆ ಕೇಳುವುದಿಲ್ಲ. ಬರುವ ವರ್ಷ ವಿಜ್ಞಾನ ಕಠಿಣ ಎನ್ನುತ್ತಾಳೆ. ಯಾರೂ ಕಾರಣ ಕೇಳುವುದಿಲ್ಲ. ಕೇಳಿದರೂ, ಒಂದು ನಲ್ಲಿ, ಒಂದು ಹೆಬ್ಬೆರಳು, ಅಷ್ಟೇ ಎಂದು ಯಾರಿಗೆ ಹೊಳೆಯಬೇಕು?

ಸಾಲೆ ಬಿಟ್ಟ ಮೇಲೆ ಪ್ರನಾಳಗಳನ್ನು ತೊಳೆದಿಡುವ ಪಾಳಿ ಕರುಣಾಳದಾಗಿತ್ತು. ವೃಂದಾ ಗೇಟಿನ ತನಕ ಹೋಗಿ ತಿರುಗಿ ಬಂದಳು. ಕೋಣೆಯಲ್ಲಿ ಸಂಜೆಯ ಬಿಸಿಲು ಅಡ್ಡಲಾಗಿ ಬಿದ್ದು ಫರಸಿ ನೆಲ ಹಳದಿಯಾಗಿತ್ತು. ಬಾಗಿದ ಕೊಳವೆ ಮೇಜಿನ ಮೇಲಿತ್ತು. “ಗಾಡಿಗೆ ವ್ಯಾಳ್ಯಾ ಆಗಂಗಿಲ್ಲೇನ್ರಿ ಟೀಚರ್?” ಎಂದಳು ಕರುಣಾ, ನಲ್ಲಿಯಿಂದ ಮುಖ ತಿರುಗಿಸದೆ.

“ಪುಸ್ತಕದಾಗ ಇನ್ನೊಂದ ಸಾಲು ಅದ,” ಎಂದಳು ವೃಂದಾ. “ನಾ ಎಂದೂ ಮಾಡಿ ತೋರಿಸಿಲ್ಲ. ಬೆಳ್ಳಗಾದ ಮ್ಯಾಲೆ ನಿಲ್ಲಸದ ಊದ್ತಾ ಹೋದ್ರ ಮತ್ತ ತಿಳಿ ಆಗ್ತದ.”

“ಓದೀನ್ರಿ.”

“ನೋಡೀಯೇನು?”

ನೀರಿನ ಸಪ್ಪಳ ನಿಂತಿತು. “ಇಲ್ರಿ.”

ಬಾಟಲಿಯಲ್ಲಿ ಉಳಿದಿದ್ದ ತಿಳಿಯನ್ನು ವೃಂದಾ ಪ್ರನಾಳಕ್ಕೆ ತುಸುವೇ ಹಾಕಿ, ಅಷ್ಟೇ ನೀರು ಬೆರೆಸಿದಳು. “ಒಬ್ಬರ ದಮ್ಮಿಗೆ ಆಗೂ ಕೆಲಸಲ್ಲ. ನೀ ಮೊದಲ ಊದು. ಸಾಕಾದ ಕೂಡಲೇ ನಾ ಊದ್ತೀನಿ.” ಕರುಣಾ ಕೈ ಒರೆಸಿಕೊಂಡು ಬಂದಳು. ಬೇಡವೆನ್ನುವ ಹಾಗೆ ನಿಂತಿದ್ದವಳ ಹುಬ್ಬು ಆಗಲೇ ಗಂಟಾಗಿತ್ತು. ಊದಿದಳು. ಬೆಳ್ಳಗಾಯಿತು. ಊದುತ್ತಲೇ ಇದ್ದಳು, ಕೆನ್ನೆ ಉಬ್ಬಿ, ಕಿವಿ ಕೆಂಪಾಗಿ, ಕಡೆಗೆ ಬಾಯಿ ಬಿಟ್ಟು ಏದುಸಿರು ಬಿಟ್ಟಳು. ಕೊಳವೆಯನ್ನು ಕೊಡಲು ಹೋದವಳು ನೆನಪಾದಂತೆ ನಿಂತು ನಲ್ಲಿಯ ಕಡೆ ತಿರುಗಿದಳು. ಅದೇ ವೃಂದಾಳಿಗೆ ತಡೆಯಲಾಗಲಿಲ್ಲ. “ಬ್ಯಾಡ. ಕೊಡಿಲ್ಲೆ,” ಎಂದು ಕೈಯಿಂದ ಕಿತ್ತುಕೊಂಡೇ ಬಾಯಿಗಿಟ್ಟಳು.

ಗಾಜು ಬೆಚ್ಚಗಿತ್ತು. ಸುಣ್ಣದ ಒಗರು, ಅದರ ಹಿಂದೆ ಜೋಳದ ರೊಟ್ಟಿಯ, ಹಸಿ ಉಳ್ಳಾಗಡ್ಡಿಯ ವಾಸನೆ. ಒಣಗಿದ ಬಾಯಿಯಲ್ಲಿ ಎಲ್ಲಿಂದಲೋ ನೀರೂರಿತು, ಗಂಟಲು ತನ್ನಷ್ಟಕ್ಕೆ ತಾನೇ ನುಂಗಿತು. ಏಕಾದಶಿ ಹೋಯಿತು, ಎಂದು ಒಳಗೆ ಯಾರೋ ಅಜ್ಜಿಯ ದನಿಯಲ್ಲಿ ಹೇಳಿದರು. ನುಂಗಿದ್ದು ಹೇಸಿಗೆಗೋ ಹಸಿವೆಗೋ ಅವಳಿಗೆ ತಿಳಿಯಲಿಲ್ಲ. ಊದಿದಳು. ಊದುತ್ತಾ ಓರೆಗಣ್ಣಿನಿಂದ ಕರುಣಾಳ ಮುಖ ನೋಡಿದಳು, ಅಲ್ಲಿ ಏನಾದರೂ ಕಂಡೀತೆಂದು. ಆಶ್ಚರ್ಯ, ಕರಗುವ ಕಣ್ಣು, ಏನೋ ಒಂದು. ಇಷ್ಟು ದೊಡ್ಡದನ್ನು ಮಾಡುತ್ತಿದ್ದೇನಲ್ಲ. ಕರುಣಾ ಅವಳನ್ನು ನೋಡುತ್ತಲೇ ಇರಲಿಲ್ಲ. ಪ್ರನಾಳವನ್ನು ನೋಡುತ್ತಿದ್ದಳು. ಬಿಳುಪು ಇದ್ದಲ್ಲೇ ಇತ್ತು. ದೂರದಲ್ಲಿ ಗಾಡಿ ಕೂಗಿತು, ವೃಂದಾಳ ಗಾಡಿ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲಿದಾಗ ಅವಳು ಮೇಜನ್ನು ಹಿಡಿದುಕೊಂಡಳು. “ಬಿಡ್ರಿ ಟೀಚರ್, ಕುಂದ್ರಿ, ಚಕ್ಕರ್ ಬಂದೀತು,” ಎಂದು ಕರುಣಾ ಸ್ಟೂಲು ಸರಿಸಿ ಕೊಳವೆ ಇಸಿದುಕೊಂಡಳು.

ಇಸಿದುಕೊಂಡು ನಲ್ಲಿಗೆ ಹೋದಳು. ಒಳಗೆ ನೀರು, ಹೊರಗೆ ನೀರು, ತುದಿಗೆ ಹೆಬ್ಬೆರಳು. ವೃಂದಾ ಸ್ಟೂಲಿನ ಮೇಲೆ ಕೂತು ಆ ಪುಟ್ಟ ಬೆನ್ನನ್ನು ನೋಡಿದಳು. ಕಿವಿಗಳು ಕಾದವು. ಬೆಳಿಗ್ಗೆ ಈ ಕೋಣೆಯಲ್ಲಿ ಇದೇ ಬೆನ್ನು ತನ್ನದಾಗಿತ್ತು, ಆವಾಗ ಅದನ್ನು ಹಿಂದಿನಿಂದ ನೋಡಿದ ಕಣ್ಣು ಹೀಗೆ ಉರಿದಿರಬೇಕು. ಎಂಜಲು ನುಂಗಿದ್ದೇನೆ, ಇನ್ನೇನು ಬೇಕಿತ್ತು ಇವಳಿಗೆ ಎಂಬ ಸಿಟ್ಟೂ ಒಂದು ಕ್ಷಣ ಬಂದು ಹೋಯಿತು. ಕರುಣಾ ತಿರುಗಿದಳು, ಅವಳ ಮುಖ ನೋಡಿ ತುಸು ಗಾಬರಿಯಾದಳು.

“ಹಂಗಲ್ರಿ ಟೀಚರ್,” ಎಂದಳು. “ನಾಳೆ ಚಿತ್ತಾಪುರದಾಗ ಯಾರ್ಯಾರು ಬಂದು ಊದ್ತಾರೋ ಏನೋ. ಒಂದೇ ಕೊಳವಿ ಅದ. ಎಲ್ಲಾರ್ಗೂ ತೊಳದೇ ಕೊಡೂನ್ರಿ. ಒಬ್ಬರಿಗಷ್ಟೇ ಅಂತಲ್ಲ.” ಮತ್ತೆ ಹೇಳಿದಳು, “ತೊಳದದ್ದಕ್ಕ ಏನೂ ಅನಿಸಿಲ್ರಿ ನನಗ.”

ವೃಂದಾ ತಲೆಯಾಡಿಸಿದಳು. ಕರುಣಾ ಆಗಲೇ ಬಗ್ಗಿ ಊದತೊಡಗಿದ್ದಳು. ಸಾಕಾದಾಗ ಕೊಳವೆ ತೊಳೆದು ಕೊಟ್ಟಳು. ವೃಂದಾ ಊದಿ, ಎದ್ದು ಹೋಗಿ ತೊಳೆದು ಕೊಟ್ಟಳು. ಹೀಗೇ ಬಹಳ ಹೊತ್ತು ನಡೆಯಿತು. ನಲ್ಲಿ ಬಿಟ್ಟು ಬಿಟ್ಟು ಹರಿಯಿತು. ನೆಲದ ಮೇಲಿನ ಬಿಸಿಲು ಗೋಡೆಗೆ ಏರಿತ್ತು. ಬಿಳುಪು ತೆಳುವಾಗುತ್ತಿದೆಯೆಂದು ಮೊದಲು ಕಂಡದ್ದು ಕರುಣಾಳಿಗೆ. ಊದುವುದನ್ನು ಬಿಡದೆ ಬರಿಯ ಹುಬ್ಬಿನಿಂದಲೇ ತೋರಿಸಿದಳು. ಪ್ರನಾಳದ ಆಚೆ ಹಿಡಿದಿದ್ದ ಅವಳ ಬೆರಳುಗಳು ಮೊದಲು ನೆರಳಿನಂತೆ, ಆಮೇಲೆ ಬೆರಳುಗಳಾಗಿ, ಉಗುರಿನ ಸಂದಿಯ ಕೆಂಪು ಶಾಯಿಯೂ ಕಾಣುವಷ್ಟು ಸ್ಪಷ್ಟವಾದವು.

“ಕಲ್ಲ ಕರಗಿತ್ರಿ,” ಎಂದಳು ಕರುಣಾ ಉಸಿರು ತಿರುಗಿಸಿಕೊಳ್ಳುತ್ತಾ. ಆಮೇಲೆ, ಬೇರೇನೋ ಕೇಳುವವಳ ಹಾಗೆ, “ನಾಳೆ ವಾಡ್ಯಾಗ ನೀವ ಯಾ ಕಡಿ ನಿಂತಿರ್ತೀರಿ ಟೀಚರ್? ಗಾಡಿ ಇಳದು ನಾ ಎಲ್ಲಿ ನೋಡ್ಲಿ?”

“ಹಳಿ ದಾಟೂ ಪುಲ್ಲಿನ ಬುಡಕ, ನಳದ ಹತ್ತರ,” ಎಂದಳು ವೃಂದಾ. ತಡೆಯಲಾರದೆ ಕೇಳಿದಳು, “ನಿಮ್ಮವ್ವನ ಜ್ವರ?”

“ಇಳೀತಾವ್ರಿ,” ಎಂದಳು ಕರುಣಾ, ಮುಖದಲ್ಲಿ ಒಂದಿಷ್ಟೂ ನಗು ತೋರಿಸದೆ. “ರಾತ್ರಿ ಒಳಗ ಇಳೀತಾವ.” ಕೊಳವೆಯನ್ನು ಮತ್ತೊಮ್ಮೆ ನೀರಿ‌ಗೆ ಹಿಡಿದು, ಝಾಡಿಸಿ, ಟೀಚರ್ ಚಾಚಿದ ಅಂಗೈಯಲ್ಲಿ ಇಟ್ಟಳು.